ಹತ್ತು ಸಾವಿರಕ್ಕೆ ಎಂಟು

ಎಂಟು ಎಂಬ ಒಂದು ಅಂಕಿ ಮನುಷ್ಯರು ಬೆಳಿಗ್ಗೆ ಏಳುವ ರೀತಿಯನ್ನೇ ಬದಲಿಸಿಬಿಟ್ಟಿತ್ತು ಎಂದರೆ ಮುಂದೆ ಹುಟ್ಟುವವರು ನಂಬಲಿಕ್ಕಿಲ್ಲ. ಮೊದಲೆಲ್ಲ ಜನ ಎದ್ದು ಆಕಳಿಸುತ್ತಿದ್ದರು, ಮೈ ಮುರಿಯುತ್ತಿದ್ದರು, ರಾತ್ರಿಯೆಲ್ಲ ಕಾಡಿದ ಸೊಳ್ಳೆಗೆ ಬಾಯಿತುಂಬ ಬೈಯುತ್ತಿದ್ದರು. ಈಗ ಹಾಗಿಲ್ಲ. ಕಣ್ಣು ಬಿಟ್ಟವರು ಅಲುಗಾಡದೆ ಮಲಗಿ, ದಿನದ ಮೊದಲ ಯೋಚನೆಯನ್ನು ಜೋಪಾನವಾಗಿ ಯೋಚಿಸಿ ಮುಗಿಸಬೇಕು. ಕೆಲಸ ಸಿಗಲಿ, ಮದುವೆ ಕೂಡಿ ಬರಲಿ, ಸಕ್ಕರೆ ಕಾಯಿಲೆ ಇಳಿಯಲಿ, ಯಾರಿಗೆ ಏನು ಬೇಕೋ ಅದು. ನಡುವೆ ಯಾರಾದರೂ ಕೂಗಿದರೆ ಯೋಚನೆ ಕೆಡುತ್ತದೆಂದು ಹಾಲಿನವನು ಕೂಗುವುದನ್ನೇ ಬಿಟ್ಟು, ಕಳ್ಳನಂತೆ ಬಂದು ಪಾಕೀಟು ಇಟ್ಟು ಹೋಗುತ್ತಿದ್ದ.

ಆ ಎಂಟನ್ನು ಲೆಕ್ಕ ಹಾಕಿ ತೆಗೆದವಳು ವನಮಾಲಾ. ಧಾರವಾಡದ ಇಚ್ಛಾಶಕ್ತಿ ಸಂಶೋಧನಾ ಕೇಂದ್ರದಲ್ಲಿ ಅವಳು ಸಂಖ್ಯಾಶಾಸ್ತ್ರಜ್ಞೆ. ಅಲ್ಲಿನ ಯಂತ್ರಕ್ಕೆ ಇಚ್ಛಾಮಾಪಕ ಎಂದು ಹೆಸರು. ನೋಡಲು ಒಂದು ಕಬ್ಬಿಣದ ಟ್ರಂಕಿನಷ್ಟು. ಒಳಗೊಂದು ದೀಪ, ಅದು ಬೆಳಕನ್ನು ಒಂದೊಂದೇ ಕಣವಾಗಿ ಬಿಡುತ್ತದೆ. ಎದುರಿಗೆ ಅರೆಕನ್ನಡಿ. ಪ್ರತಿಯೊಂದು ಕಣವೂ ಆ ಕನ್ನಡಿಯನ್ನು ದಾಟಿ ಆಚೆ ಹೋಗಬೇಕು, ಇಲ್ಲವೇ ಪುಟಿದು ಈಚೆ ಬರಬೇಕು. ಯಾವುದು ಎತ್ತ ಹೋಗುತ್ತದೆಂದು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ, ಹೆಂಗಸೂ ಹುಟ್ಟಿಲ್ಲ. ನಿಮಿಷಕ್ಕೆ ಹತ್ತು ಸಾವಿರ ಕಣ. ಅದು ಒಂದು ಸುತ್ತು. ಯಂತ್ರದ ಮುಂದೆ ಒಬ್ಬರನ್ನು ಕೂರಿಸಿ, 'ಆಚೆ ಹೋಗಲಿ ಎಂದು ಮನಸಾರೆ ಬಯಸಿರಿ' ಎಂದು ಹೇಳಿ ಐದು ಸುತ್ತು ಎಣಿಸುವುದು. ಬಯಕೆಗೆ ಬಲವಿಲ್ಲದಿದ್ದರೆ ಸರಾಸರಿ ಐದು ಸಾವಿರ ಬರಬೇಕು. ಇಪ್ಪತ್ತೆರಡು ಸಾವಿರ ಜನರನ್ನು ಕೂರಿಸಿದಾಗ ಬಂದದ್ದು ಐದು ಸಾವಿರದ ಎಂಟು.

ಎಂಟು ಎಷ್ಟರದು ಎನ್ನಬೇಡಿ. ಅಷ್ಟು ಜನರ ಲೆಕ್ಕದಲ್ಲಿ ಅದು ತಾನಾಗಿ ಬರುವ ಸಾಧ್ಯತೆ ಇಲ್ಲವೇ ಇಲ್ಲ. ವನಮಾಲಾ ಇನ್ನೂ ಒಂದು ವಿಚಿತ್ರ ಕಂಡುಹಿಡಿದಳು. ಹೆಚ್ಚಿಗೆ ಬಂದದ್ದೆಲ್ಲ ಮೊದಲನೆಯ ಸುತ್ತಿನಲ್ಲೇ, ಅಲ್ಲಿ ನಲವತ್ತರಷ್ಟು. ಉಳಿದ ನಾಲ್ಕು ಸುತ್ತಿನಲ್ಲಿ ಏನೂ ಇಲ್ಲ. ಮನಸ್ಸು ತಾಜಾ ಇದ್ದಾಗಿನ ಬಯಕೆಗೇ ಬಲ ಎಂದು ಅವಳು ಬರೆದಳು. ಅವಳ ಆ ಒಂದು ವಾಕ್ಯ ಪಠ್ಯಪುಸ್ತಕಕ್ಕೆ ಹೋಯಿತು, ರೇಡಿಯೋಕ್ಕೆ ಹೋಯಿತು, ಮದುವೆ ಮಂಟಪಕ್ಕೂ ಹೋಯಿತು. ಹುಡುಗಿ ನೋಡಲು ಬಂದವರು ಜಾತಕದ ಜೊತೆಗೆ ಯಂತ್ರ ಕೊಟ್ಟ ಸಂಕಲ್ಪಾಂಕವನ್ನೂ ಕೇಳತೊಡಗಿದರು. ಇಚ್ಛಾಮಾಪಕಗಳು ನಲವತ್ತು ಊರಿಗೆ ಹೋದವು. ಹೊರದೇಶದವರು ಮಾತ್ರ ತಮ್ಮ ಯಂತ್ರಗಳಲ್ಲಿ ಐದು ಸಾವಿರದ ಮೇಲೆ ಒಂದೂ ಬರಲಿಲ್ಲವೆಂದರು. ಅವರಿಗೆ ಶ್ರದ್ಧೆ ಸಾಲದು ಎಂದು ನಮ್ಮವರು ನಕ್ಕರು.

ಬಯಸಿದ್ದು ಸಿಗುತ್ತದೆ ಎಂದಾಗ ಎಲ್ಲರಿಗೂ ಖುಷಿಯಾಗಿತ್ತು. ಸಿಗದಿದ್ದರೆ ತಪ್ಪು ಬಯಸಿದವನದೇ ಎಂಬುದು ಆಮೇಲೆ ತಿಳಿಯಿತು. ಫೇಲಾದ ಹುಡುಗನಿಗೆ ಮಾಸ್ತರರು, 'ನೀನು ಸರಿಯಾಗಿ ಅಂದುಕೊಳ್ಳಲಿಲ್ಲ' ಎನ್ನುತ್ತಿದ್ದರು. ಇನ್ನೂ ಕೆಟ್ಟದ್ದೆಂದರೆ, ಸಾವಿನ ಮನೆಗೆ ಮಾತಾಡಿಸಲು ಬಂದವರು ಕಣ್ಣೊರೆಸಿಕೊಂಡು, ಪಕ್ಕದವರ ಕಿವಿಯಲ್ಲಿ, 'ಯಾರು ಹಂಗ ಅಂದ್ಕೊಂಡಿದ್ರಂತ?' ಎಂದು ಕೇಳುತ್ತಿದ್ದರು. ಇದನ್ನು ಒಮ್ಮೆ ವನಮಾಲಾ ತನ್ನ ಕಿವಿಯಾರೆ ಕೇಳಿದ್ದಳು. ಕೇಳಿ, ಚಪ್ಪಲಿ ಮೆಟ್ಟಿ ಮನೆಗೆ ಬಂದಿದ್ದಳು.

ಈ ಎರಡು ತಿಂಗಳಿಂದ ಅವಳಿಗೆ ಬೇರೆಯವರ ಮನೆಯ ಗೊಡವೆಗೆ ಪುರಸೊತ್ತೂ ಇರಲಿಲ್ಲ. ಗಂಡ ಗುರುಪಾದ, ಬಸ್ ಡಿಪೋದಲ್ಲಿ ಹಿರಿಯ ಮೆಕ್ಯಾನಿಕ್, ಒಂದು ಬೆಳಿಗ್ಗೆ ನೀರಿನ ಟ್ಯಾಂಕ್ ನೋಡಲು ಏಣಿ ಹತ್ತಿದವನು ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು, ತಲೆಗೆ ಪೆಟ್ಟಾಗಿ ಎಂಟು ದಿನ ಎಚ್ಚರವಿರಲಿಲ್ಲ. ಈಗ ವಾಕರ್ ಹಿಡಿದು ಪಡಸಾಲೆಯ ಉದ್ದಕ್ಕೂ ಗೊಣಗುತ್ತ ಓಡಾಡುವಷ್ಟು ಸುಧಾರಿಸಿದ್ದ. ಗೊಣಗುತ್ತಾನೆಂದರೆ ಬದುಕಿದ ಎಂದೇ ಅರ್ಥ.

ಅಪ್ಪ ಗುಣವಾಗುತ್ತ ಬಂದ ಹಾಗೆ ಮಗಳು ಇಳಿಯುತ್ತ ಹೋದಳು. ಇಂಚರಳಿಗೆ ಹದಿನಾಲ್ಕು. ಖೋಖೋ ಆಡುವ ಹುಡುಗಿ. ಕೂತಲ್ಲಿ ಕೂರದವಳು, ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕೈ ಚಾಚುವವಳು. ಈಗ ಅರ್ಧ ರೊಟ್ಟಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಟ ಬಿಟ್ಟಳು, ಗೆಳತಿಯರನ್ನು ಬಿಟ್ಟಳು. ತುಟಿ ಮಾತ್ರ ಸದಾ ಅಲುಗಾಡುತ್ತಿತ್ತು. ಅಪ್ಪ ಬಿದ್ದದ್ದನ್ನು ಕಣ್ಣಾರೆ ಕಂಡ ಅಂಜಿಕೆ ಎಂದು ವನಮಾಲಾ ತಿಳಿದಿದ್ದಳು. ಒಂಬತ್ತು ಕಿಲೋ ಇಳಿದಿದ್ದಾಳೆ, ಇನ್ನೆರಡು ಇಳಿದರೆ ಆಸ್ಪತ್ರೆಗೆ ಸೇರಿಸಲೇಬೇಕು ಎಂದು ಡಾಕ್ಟರು ಸೋಮವಾರ ಕಡ್ಡಿ ಮುರಿದಂತೆ ಹೇಳಿದರು.

ಮಂಗಳವಾರ ಬೆಳಿಗ್ಗೆ ವನಮಾಲಾ ರೊಟ್ಟಿ ಬಡಿಯುತ್ತಿದ್ದಳು. ಇಂಚರ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ತುಟಿ ಅಲುಗುತ್ತಿತ್ತು.

"ಏನ ಗುಣುಗುಟ್ಟಾಕತ್ತಿ?" ಎಂದಳು ವನಮಾಲಾ.

"ಎಣಸಾಕತ್ತೇನಿ."

"ಏನ?"

"ಏನೂ ಇಲ್ಲ. ಬರೇ ಅಂಕಿ. ಎಣಸಕೋತ ಇದ್ರ ಬ್ಯಾರೆ ಏನೂ ಮನಸಿನ್ಯಾಗ ಬರೂದಿಲ್ಲ." ಹುಡುಗಿ ಹೇಳಿದಳು, "ಅವ್ವಾ, ಅಪ್ಪನ್ನ ಬೀಳಿಸಿದ್ದು ನಾನ."

ವನಮಾಲಾಳ ಕೈ ಹಿಟ್ಟಿನ ಮೇಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತ ಬಂತು. ಮಗಳು ಅಳಲಿಲ್ಲ, ಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿದಳು. ಹಿಂದಿನ ಸಂಜೆ ಖೋಖೋ ಶಿಬಿರಕ್ಕೆ ಶಿವಮೊಗ್ಗಕ್ಕೆ ಹೋಗುತ್ತೇನೆಂದು ಅಪ್ಪನ ಜೊತೆ ಜಗಳವಾಗಿತ್ತು. ಪರೀಕ್ಷೆ ಬಂತು, ಬೇಡ ಎಂದಿದ್ದ ಅವನು. ಅಳುತ್ತ ಮಲಗಿದಳು. ಬೆಳಿಗ್ಗೆ ಕಣ್ಣು ಬಿಟ್ಟಾಗ ಮೊದಲು ಬಂದ ಯೋಚನೆ, 'ಅಪ್ಪ ಇಲ್ಲದಿದ್ರ ನಾ ಹೋಗ್ತಿದ್ದೆ' ಎಂಬುದು. ಏಳೂಕಾಲಿಗೆ ಅಪ್ಪ ಬಿದ್ದ.

"ಹುಚ್ಚಿ! ಸಿಟ್ಟಿನ್ಯಾಗ ಎಲ್ಲಾರೂ ಅಂದ್ಕೋತಾರ. ಅದಕ್ಕೆಲ್ಲ..."

"ಮೊದಲ ಬಯಕೆಗೇ ಬಲ. ನಮ್ಮ ಸಾಲಿ ಒಂಬತ್ತನೆತ್ತೆ ಪುಸ್ತಕದಾಗ ಐತಿ. ಕೆಳಗ ನಿನ್ನ ಹೆಸರೂ ಐತಿ, ಅವ್ವ."

"ಅದು ಹತ್ತು ಸಾವಿರಕ್ಕ ಎಂಟು, ಇಂಚರಾ. ಎಂಟರಿಂದ ಒಬ್ಬ ಮನಿಷಾ ಬೀಳತಾನೇನ?"

"ಕಾಲ ಜಾರಾಕ ಎಷ್ಟ ಬೇಕ? ಒಂಚೂರ ಸಾಕಲ್ಲ."

ವನಮಾಲಾ ಒಲೆ ಆರಿಸಿದಳು. ಹುಡುಗಿಯ ತರ್ಕ ಚೊಕ್ಕವಾಗಿತ್ತು, ತಾನೇ ಕಲಿಸಿದ್ದು. ಮಗಳನ್ನು ಹಿಟ್ಟಿನ ಕೈಯಿಂದಲೇ ತಬ್ಬಿಕೊಂಡಳು. ಫ್ರಾಕಿನ ಕೆಳಗೆ ಬೆನ್ನಿನ ಎಲುಬುಗಳು ಒಂದೊಂದಾಗಿ ಕೈಗೆ ಸಿಕ್ಕವು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅವಳಿಗೆ ಹೊಳೆದ ಉಪಾಯ ಪ್ರಾಮಾಣಿಕವಾದದ್ದೇನೂ ಅಲ್ಲ. ಒಬ್ಬರ ಐದು ಸುತ್ತಿನಿಂದ ಏನೂ ಸಾಬೀತಾಗುವುದಿಲ್ಲ, ನಲವತ್ತು ಐವತ್ತು ಅತ್ತಿತ್ತ ಆಗುವುದು ಮಾಮೂಲು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಅದು ಇಂಚರಳಿಗೆ ಗೊತ್ತಿಲ್ಲ. ಮಗಳನ್ನು ಯಂತ್ರದ ಮುಂದೆ ಕೂರಿಸುವುದು. ಐದು ಸಾವಿರಕ್ಕಿಂತ ಕಡಿಮೆ ಬಂದರೆ, 'ನೋಡು, ನಿನ್ನ ಬಯಕೆಗೆ ಬಲವೇ ಇಲ್ಲ' ಎನ್ನುವುದು. ಕಡಿಮೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ಅರೆದು ಕುಡಿದವಳು ಹೀಗೆ ಜೂಜಿಗೆ ಇಳಿದಳು.

ಒಂಬತ್ತೂವರೆಗೆ ಕೇಂದ್ರದ ಬಾಗಿಲು ತೆರೆದವನು ಫಕ್ಕೀರಪ್ಪ ಮೆಣಸಿನಕಾಯಿ. ಇಚ್ಛಾಮಾಪಕವನ್ನು ಮೊದಲ ದಿನದಿಂದ ನಡೆಸಿದ ಕೈ ಅವನದೇ. ಉಳಿದ ನಲವತ್ತು ಊರಿನ ನಿರ್ವಾಹಕರಿಗೆ ತರಬೇತಿ ಕೊಟ್ಟವನೂ ಅವನೇ. ಅವನ ಅಪ್ಪ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದ. ಫಕ್ಕೀರಪ್ಪನೂ ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಆ ಅಂಗಡಿಯಲ್ಲೇ ಕೂತು ಬೆಳೆದವನು. ಯಂತ್ರಕ್ಕೆ ಕೈ ಮುಗಿಯದೆ ಸ್ವಿಚ್ಚು ಹಾಕಿದವನಲ್ಲ. ಬಂದವರಿಗೆ ನೀರು ಕೊಡದೆ ಕೂರಿಸಿದವನಲ್ಲ.

"ಬರ್ರಿ ಮೇಡಂ! ಮಗಳನ್ನ ಕರಕೊಂಡ ಬಂದೀರಿ? ಬಾರವಾ, ಕೂಡ. ಯಾಕವಾ ಇಷ್ಟ ಸೊರಗೀದಿ?"

ಇಂಚರ ಕುರ್ಚಿಯಲ್ಲಿ ಕೂತಳು. ವನಮಾಲಾ ಅವಳ ಹಿಂದೆ ನಿಂತಳು. ಸುತ್ತು ನಡೆಯುವಾಗ ಹೀಗೆ ಪರದೆಯ ಮುಂದೆ ನಿಂತದ್ದು ಎಂಟು ವರ್ಷದಲ್ಲಿ ಇದೇ ಮೊದಲು. ಅಂಕಿಗಳು ಮೇಲಿನ ಮಹಡಿಯ ಅವಳ ಕಂಪ್ಯೂಟರಿಗೆ ತಾವಾಗಿ ಬಂದು ಬೀಳುತ್ತಿದ್ದವು. ಕೆಳಗಿಳಿದು ನೋಡುವ ದರ್ದು ಯಾರಿಗಿತ್ತು?

"ಆಚೆ ಹೋಗಲಿ ಅಂತ ಮನಸಾರೆ ಅನ್ಕೋವಾ," ಎಂದು ಫಕ್ಕೀರಪ್ಪ ಹಸಿರು ಗುಂಡಿ ಒತ್ತಿದ. ಒಂದು ನಿಮಿಷ. ಪರದೆಯ ಮೇಲೆ ನಾಲ್ಕು ಸಾವಿರದ ಒಂಬೈನೂರ ಅರವತ್ತೊಂದು ಎಂದು ಬಂತು.

ವನಮಾಲಾಳ ಎದೆ ಹಗುರಾಯಿತು. ಮಗಳ ಭುಜ ಮುಟ್ಟಲು ಕೈ ಎತ್ತಿದಳು. ಅಷ್ಟರಲ್ಲಿ ಫಕ್ಕೀರಪ್ಪ ಲೊಚಗುಟ್ಟಿ ಕೆಂಪು ಗುಂಡಿ ಒತ್ತಿದ. ಅಂಕಿ ಅಳಿಸಿಹೋಯಿತು.

"ಇನ್ನೊಮ್ಮೆ ಅನ್ಕೋವಾ," ಎಂದ. ಮತ್ತೊಂದು ನಿಮಿಷ. ನಾಲ್ಕು ಸಾವಿರದ ಒಂಬೈನೂರ ಎಂಬತ್ತೆಂಟು. ಮತ್ತೆ ಕೆಂಪು ಗುಂಡಿ. ಮೂರನೆಯ ಸಲ ಐದು ಸಾವಿರದ ಇಪ್ಪತ್ಮೂರು ಬಂತು. ಫಕ್ಕೀರಪ್ಪನ ಮುಖ ಅರಳಿತು. "ಹಾಂ! ಈಗ ಬಂತ ನೋಡ. ಇದು ಒಂದನೇ ಸುತ್ತು," ಎಂದು ಉಳಿಸುವ ಗುಂಡಿ ಒತ್ತಿದ.

ಇಂಚರ ಆ ಅಂಕಿ ನೋಡಿ ಬಿಳಚಿಕೊಂಡಳು. "ನೋಡಿದ್ಯಾ ಅವ್ವ," ಎಂದಳು ಸಣ್ಣ ದನಿಯಲ್ಲಿ.

ವನಮಾಲಾ ನೋಡುತ್ತಿದ್ದದ್ದು ಕೆಂಪು ಗುಂಡಿಯನ್ನು. "ಫಕ್ಕೀರಪ್ಪಾ, ಮೊದಲಿನ ಎರಡು ಯಾಕ ಅಳಿಸಿದ್ರಿ?"

"ಬೋಣಿ ಕೆಟ್ಟಿತ್ತಲ್ರಿ ಮೇಡಂ."

"ಕೆಂಪು ಗುಂಡಿ ಇರೋದು ಕರೆಂಟ್ ಹೆಚ್ಚುಕಡಿಮಿ ಆದಾಗ ಒತ್ತಾಕ."

"ಹೌದ್ರಿ, ಅದಕ್ಕೂ ಒತ್ತತೇನಿ. ಆದ್ರ ಬೋಣಿ ನೋಡಬೇಕಲ್ರಿ? ನಮ್ಮಪ್ಪ ಮೊದಲನೇ ಗಿರಾಕೀನ ಒಂದಿನಾನೂ ಬರಿಗೈಲೆ ಕಳಿಸಿದಾಂವಲ್ಲ. ಹಾನಿ ಆದರೂ ಸೈ, ಕೊಟ್ಟ ಕಳಸ್ತಿದ್ದ. ಇಲ್ಲಿ ಬರೋ ಮಂದಿನೂ ಪಾಪ, ಏನೇನೋ ಆಸೆ ಇಟ್ಕೊಂಡ ಬಂದಿರತಾರ. ಒಬ್ಬೊಬ್ಬರಿಗೂ ಅವರವರ ಬೋಣಿ ಇರತೈತಿ. ಮೊದಲನೇದ ಕೆಟ್ಟರ ಮುಂದ ಮನಸ ಮುದುಡತೈತಿ. ಅದಕ್ಕ ಚಲೋದು ಬರೂತನಕ ಹೊಡದ ಆಮ್ಯಾಲ ಶುರು ಮಾಡತೇನಿ. ಬಾಕಿ ನಾಕು ಸುತ್ತಿಗೆ ಕೈ ಹಚ್ಚೂದಿಲ್ರಿ, ದೇವರಾಣಿ."

"ಯಾವಾಗಿಂದ?"

"ಮೊದಲಿಂದಾನೂ. ಟ್ರೇನಿಂಗಿಗೆ ಬಂದವರಿಗೂ ಹೇಳಿಕೊಟ್ಟೇನಲ್ರಿ."

ವನಮಾಲಾ ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತಳು. ಮೊದಲ ಸುತ್ತಿನಲ್ಲಿ ಮಾತ್ರ ನಲವತ್ತು. ಉಳಿದವುಗಳಲ್ಲಿ ಸೊನ್ನೆ. ಕಡಿಮೆ ಬಂದವನ್ನೆಲ್ಲ ಬಿಸಾಕಿ ಹೆಚ್ಚಿಗೆ ಬಂದದ್ದನ್ನು ಮಾತ್ರ ಇಟ್ಟುಕೊಂಡರೆ ಸರಾಸರಿ ಎಷ್ಟು ಮೇಲೇರುತ್ತದೆ? ಕಾಗದ ಪೆನ್ಸಿಲ್ ಬೇಕಾಗಲಿಲ್ಲ. ನಲವತ್ತು. ಐದು ಸುತ್ತಿಗೆ ಹಂಚಿದರೆ ಎಂಟು. ಅವಳ ಪಾಂಡಿತ್ಯ, ಪಠ್ಯಪುಸ್ತಕದ ವಾಕ್ಯ, ದೇಶದ ಮುಂಜಾವು ಎಲ್ಲವೂ ಬ್ಯಾಡಗಿ ಪೇಟೆಯ ಒಬ್ಬ ಒಳ್ಳೆಯ ಮನುಷ್ಯನ ಬೋಣಿಯ ಮೇಲೆ ನಿಂತಿದ್ದವು. ಅಳಬೇಕೋ ನಗಬೇಕೋ ತಿಳಿಯದೆ ಅವಳು ಸ್ವಲ್ಪ ಹೊತ್ತು ಎರಡನ್ನೂ ಮಾಡಿದಳು. ಫಕ್ಕೀರಪ್ಪ ಗಾಬರಿಯಾಗಿ ನೀರು ತಂದ.

ನೀರು ಕುಡಿದ ಮೇಲೆ ಬುದ್ಧಿ ಓಡಿತು. ಅಳಿಸಿದ ಸುತ್ತುಗಳು ಕಂಪ್ಯೂಟರಿನಲ್ಲಿಲ್ಲ. ಆದರೆ ಯಂತ್ರದ ಬೆನ್ನಿಗೆ ಕರೆಂಟಿನ ಮೀಟರಿನಂಥದ್ದೊಂದು ಇದೆ. ದೀಪದ ಆಯುಷ್ಯ ತಿಳಿಯಲೆಂದು ತಯಾರಿಸಿದವರು ಕೂರಿಸಿದ್ದು. ಹುಟ್ಟಿದಂದಿನಿಂದ ಆಚೆ ಎಷ್ಟು ಕಣ ಹೋದವು, ಈಚೆ ಎಷ್ಟು ಬಂದವು ಎಂದು ಅದು ಎಣಿಸುತ್ತಲೇ ಇರುತ್ತದೆ. ಅದಕ್ಕೆ ಕೆಂಪು ಗುಂಡಿ ಗೊತ್ತಿಲ್ಲ, ಬೋಣಿಯೂ ಗೊತ್ತಿಲ್ಲ. ಎಂಟು ವರ್ಷ ಅದನ್ನು ಗೋಡೆಯೊಂದೇ ನೋಡಿತ್ತು.

"ಇಂಚರಾ, ಬಾ ಇಲ್ಲಿ. ನೀ ಸಣ್ಣಾಕಿ ಅದಿ, ಗೋಡಿ ಸಂದಿಯೊಳಗ ತೂರತಿ. ಹಿಂದಿನ ಮೀಟರ್ ಓದು."

ಹುಡುಗಿ ಬ್ಯಾಟರಿ ಹಿಡಿದು ಸಂದಿಯಲ್ಲಿ ತೂರಿದಳು. ಧೂಳಿಗೆ ಎರಡು ಸಲ ಸೀನಿದಳು. "ಆಚೆ, ಅರವತ್ತಾರು ಕೋಟಿ ಒಂದು ಲಕ್ಷ ಹನ್ನೆರಡು ಸಾವಿರದ..." ಎಂದು ಓದಿದಳು. "ಈಚೆ, ಅರವತ್ತಾರು ಕೋಟಿ ಒಂದು ಲಕ್ಷ ಮೂವತ್ತೊಂದು ಸಾವಿರದ..."

"ಕಳಿ."

ಎರಡು ತಿಂಗಳಿಂದ ಬರೀ ಎಣಿಸುತ್ತಿದ್ದವಳು ಹಳೆಯ ರಿಜಿಸ್ಟರಿನ ಬೆನ್ನಿನ ಮೇಲೆ ಕಳೆಯಲು ಕೂತಳು. "ಈಚೇನ ಜಾಸ್ತಿ ಐತಿ. ಹತ್ತೊಂಬತ್ತು ಸಾವಿರ."

"ನೂರಾ ಮೂವತ್ತೆರಡು ಕೋಟಿಯೊಳಗ ಹತ್ತೊಂಬತ್ತು ಸಾವಿರ ಏನೇನೂ ಅಲ್ಲ, ತಾನಾಗಿ ಆಗೋ ಹೆಚ್ಚುಕಡಿಮಿ. ಬಯಕೆಗೆ ಬಲ ಇದ್ದಿದ್ರ ಆಚೆ ಎಷ್ಟು ಜಾಸ್ತಿ ಇರಬೇಕಾಗಿತ್ತು ಗೊತ್ತೇನ? ಹದಿನೇಳು ಲಕ್ಷ. ನಾವು ಬರದಿಟ್ಟ ಲೆಕ್ಕದಾಗ ಅಷ್ಟು ಐತಿ."

"ಮತ್ತ ಆ ಹದಿನೇಳು ಲಕ್ಷ ಎಲ್ಲಿ ಹೋತು?"

ವನಮಾಲಾ ಕೆಂಪು ಗುಂಡಿ ತೋರಿಸಿದಳು. ಇಂಚರ ಗುಂಡಿ ನೋಡಿದಳು, ಫಕ್ಕೀರಪ್ಪನನ್ನು ನೋಡಿದಳು, ಮತ್ತೆ ಲೆಕ್ಕ ನೋಡಿದಳು. ಅವಳ ತುಟಿ ಅಲುಗಾಡುವುದು ನಿಂತಿದ್ದು ತಾಯಿಯ ಕಣ್ಣಿಗೆ ಬಿತ್ತು.

ಆದರೆ ಅಷ್ಟಕ್ಕೇ ನಂಬುವ ಹುಡುಗಿಯಲ್ಲ. ತಾಯಿಯನ್ನೂ ಫಕ್ಕೀರಪ್ಪನನ್ನೂ ದೂರ ನಿಲ್ಲಿಸಿ, ಗುಂಡಿಗಳನ್ನು ತಾನೇ ಒತ್ತುತ್ತೇನೆಂದಳು. ಆಚೆ ಹೋಗಲಿ ಎಂದು ಹಲ್ಲು ಕಚ್ಚಿ ಇಪ್ಪತ್ತು ಸುತ್ತು. ಈಚೆ ಬರಲಿ ಎಂದು ಇಪ್ಪತ್ತು. ಬೇಕಂತಲೇ ಖೋಖೋ ಆಟ ನೆನೆಯುತ್ತ ಇಪ್ಪತ್ತು. ಒಂದನ್ನೂ ಅಳಿಸಲಿಲ್ಲ. ಊಟದ ಹೊತ್ತು ಮೀರಿತು. ಮೂರು ಕಂತೆಯ ಸರಾಸರಿಯೂ ಐದು ಸಾವಿರದ ಅಕ್ಕಪಕ್ಕದಲ್ಲೇ ಸುತ್ತಾಡಿತು. ನಿಜ ಹೇಳಬೇಕೆಂದರೆ ಖೋಖೋ ನೆನೆದದ್ದೇ ಎಲ್ಲಕ್ಕಿಂತ ಮೂರು ಹೆಚ್ಚು ಬಂತು.

"ಹಂಗಾದ್ರ ನಾ ಅಲ್ಲ?" ಎಂದಳು ಇಂಚರ.

"ನೀ ಅಲ್ಲ."

"ನೂರಕ್ಕ ನೂರು?"

ಸಂಖ್ಯಾಶಾಸ್ತ್ರ ಓದಿದವರು ನೂರಕ್ಕೆ ನೂರು ಎನ್ನುವುದಿಲ್ಲ. ತೊಂಬತ್ತೊಂಬತ್ತು ಎಂದು, ಮುಂದೆ ಒಂದು ಚುಕ್ಕೆ ಇಟ್ಟು, ಬೇಕಾದಷ್ಟು ಒಂಬತ್ತು ಬರೆಯುತ್ತಾರೆ.

"ನೂರಕ್ಕ ನೂರು," ಎಂದಳು ವನಮಾಲಾ.

ಇಂಚರ ಅಳಲು ಶುರು ಮಾಡಿದಳು. ಎರಡು ತಿಂಗಳು ಎಣಿಕೆಯ ಹಿಂದೆ ಅಡಗಿಸಿಟ್ಟಿದ್ದ ಅಳು ಅದು, ಬೇಗ ಮುಗಿಯುವಂಥದ್ದಲ್ಲ. ಫಕ್ಕೀರಪ್ಪ ಬಾಗಿಲ ಬಳಿ ನಿಂತು ತಾನೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ತಾನು ಮಾಡಿದ್ದೇನೆಂದು ಅವನಿಗೆ ಆಗಷ್ಟೇ ಅರ್ಥವಾಗುತ್ತಿತ್ತು. "ಮೇಡಂ, ನಾ ಮಂದಿಗೆ ಚಲೋ ಆಗಲಿ ಅಂತ..." ಎಂದು ಅಷ್ಟಕ್ಕೇ ನಿಲ್ಲಿಸಿದ.

"ನೀವು ಮಾಡಿದ್ದು ಒಂದು ತಪ್ಪು. ಎಂಟು ವರ್ಷ ಕೆಳಗ ಬಂದು ನೋಡದ ಇದ್ದದ್ದು ನಂದು," ಎಂದಳು ವನಮಾಲಾ.

ನಾಲ್ಕು ಗಂಟೆಗೆ ಅವಳು ನಿರ್ದೇಶಕ ಕಾಖಂಡಕಿಯವರ ಕೋಣೆಗೆ ಹೋದಳು. ಕೇಂದ್ರ ಕಟ್ಟಿದವರು ಅವರು. ಅರವತ್ತು ದಾಟಿದ, ಇಸ್ತ್ರಿ ಮಾಡಿದ ಖಾದಿ ಜುಬ್ಬದ ಮನುಷ್ಯ. ಮೀಟರಿನ ಎರಡು ಅಂಕಿ ಬರೆದ ರಿಜಿಸ್ಟರನ್ನೂ, ಎಂಟು ಸುಳ್ಳೆಂದು ಬರೆದ ಪ್ರಕಟಣೆಯನ್ನೂ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಅವರು ರಿಜಿಸ್ಟರನ್ನು ಹತ್ತಿರ ಎಳೆದುಕೊಂಡರು.

"ವನಮಾಲಾ, ಮಂದಿಗೆ ಒಂದು ಆಶಾ ಸಿಕ್ಕದ. ಮುಂಜಾನೆ ಎದ್ದು ಚಲೋದು ಅನಕೋತಾರ. ಅದನ್ನ ಕಸಗೊಳ್ಳೋದ? ಒಂದು ವರ್ಷ ತಡೀರಿ. ಸಾವಕಾಶ ಹೇಳೋಣು."

"ಆಶಾ ಅಲ್ರಿ ಸರ್, ಅಂಜಿಕಿ. ನನ್ನ ಮಗಳು ಎರಡು ತಿಂಗಳಿಂದ ಊಟ ಬಿಟ್ಟಾಳ. ಅವರಪ್ಪನ್ನ ತಾನ ಕೊಲ್ಲಾಕ ಹೋಗಿದ್ದೆ ಅನ್ಕೊಂಡಾಳ. ಒಂದು ವರ್ಷ ತಡದ್ರ ಇನ್ನೂ ಎಷ್ಟ ಮನಿಯೊಳಗ ಎಷ್ಟ ಮಂದಿ ಹಿಂಗ ಕುಂತಿರತಾರ? ನೀವು ಸಹಿ ಹಾಕದಿದ್ರ ನಾ ಒಬ್ಬಾಕೀನ ಪತ್ರಿಕೆಗೆ ಹೇಳತೇನಿ. ಕೆಲಸ ಹೋದ್ರ ಹೋಗಲಿ."

ಕಾಖಂಡಕಿಯವರ ಕೈ ರಿಜಿಸ್ಟರಿನ ಮೇಲೆ ನಿಂತಿತು. ಮಗಳ ಮಾತು ಬಂದಾಗಿನಿಂದ ಅವರ ಮುಖದ ಬಣ್ಣ ಬದಲಾಗಿತ್ತು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಸಿಗೆ ಹಿಡಿದು ನರಳಿ ನರಳಿ ಹೋದ ಜೀವ ಎಂದು ಕೇಂದ್ರದವರಿಗೆಲ್ಲ ಗೊತ್ತು.

"ಒಂದಿನ ಮುಂಜಾನೆ," ಎಂದರು ಅವರು, "ಕಣ್ಣು ತಗದೆ. ಬಾಜೂಕ್ಕ ಅಕಿ ನರಳಲಿಕ್ಕೆ ಹತ್ತಿದ್ದಳು. 'ಸಾಕಿನ್ನ, ಬಿಡುಗಡಿ ಆಗಲಿ' ಅಂತ ಅನಿಸಿತು. ಅದ ದಿವಸ ಹೋದಳು." ಜುಬ್ಬದ ತುದಿಯಿಂದ ಕನ್ನಡಕ ಒರೆಸಿದರು. "ಯಾರ ಮುಂದೂ ಅಂದಿದ್ದಿಲ್ಲ. ಆ ಮೀಟರಿನ ಅಂಕಿ ಇನ್ನೊಮ್ಮೆ ಓದ್ರಿ, ವನಮಾಲಾ."

ಅವಳು ಓದಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಓದಿಸಿದರು. ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆದು ಸಹಿ ಹಾಕಿದರು. ಎಂಟು ವರ್ಷದ ಕೀರ್ತಿಗೆ ನೀರು ಬಿಟ್ಟವರ ಹಾಗೆ ಅವರು ಕಾಣಲಿಲ್ಲ. ಬಿಗಿ ಚಪ್ಪಲಿ ಕಳಚಿದವರ ಹಾಗೆ ಕುರ್ಚಿಗೆ ಒರಗಿದರು.

ಮನೆಗೆ ಬಂದಾಗ ಗುರುಪಾದ ಪಡಸಾಲೆಯಲ್ಲಿ ವಾಕರ್ ಹಿಡಿದು ನಿಂತಿದ್ದ. ಇಂಚರಳೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತಾನು ಏನು ಅಂದುಕೊಂಡಿದ್ದೆ ಎನ್ನುವುದನ್ನೂ ಬಿಡಲಿಲ್ಲ. ಗುರುಪಾದ ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಕಳ್ಳ ಸಿಕ್ಕಿಬಿದ್ದ ಹಾಗೆ ನೆಲ ನೋಡಿದ.

"ಏಣಿ ಕಾಲಿನ ರಬ್ಬರ್ ಕಿತ್ತು ಹೋಗಿ ಆರು ತಿಂಗಳಾಗಿತ್ತು," ಎಂದ. "ನಾಳೆ ಹಾಕೋಣು, ನಾಳೆ ಹಾಕೋಣು ಅಂತ ಬಿಟ್ಟಿದ್ದೆ. ಫರಸಿಗಲ್ಲಿನ ಮ್ಯಾಲ ನೀರಿತ್ತು. ಜಾರಿತು."

"ಮತ್ತ ಎರಡ ತಿಂಗಳಿಂದ ಯಾಕ ಹೇಳಲಿಲ್ಲ?" ವನಮಾಲಾಳ ದನಿ ಏರಿತು.

"ಡಿಪೋದಾಗ ಇಪ್ಪತ್ತು ವರ್ಷ ಹುಡುಗರಿಗೆ ಜ್ಯಾಕ್ ಸರಿ ಐತೇನ ನೋಡ್ಕೊಂಡ ಬಸ್ಸಿನ ಬುಡಕ ಹೋಗ್ರಿ ಅಂತ ಬೈದಾಂವ ನಾ. ನನ್ನ ಏಣೀನ ನಾ ನೋಡಲಿಲ್ಲ ಅಂತ ಯಾವ ಬಾಯಿಲೆ ಹೇಳಲಿ? ಮಂದಿ ಕೇಳಿದ್ರ, ಯಾರರೆ ಕೆಟ್ಟದ್ದ ಅಂದ್ಕೊಂಡಿರಬೇಕು ಅಂತ ಹೇಳಿ ಸುಮ್ಮನಾದೆ." ಅವನು ಮಗಳ ಕಡೆ ತಿರುಗಿದ. "ಮನಿಯೊಳಗ ನೀ ಹಿಂಗ ಸಾಯಾಕತ್ತಿ ಅಂತ ನಂಗೇನ ಗೊತ್ತವಾ."

ವಾಕರ್ ಬಿಟ್ಟು ಅವನು ಒಂದು ಕೈ ಚಾಚಿದ. ಬಿದ್ದೀಯಪ್ಪಾ ಎಂದು ಕೂಗುತ್ತ ಇಂಚರ ಹೋಗಿ ಹಿಡಿದುಕೊಂಡಳು.

ಸುದ್ದಿ ಹೊರಬಿದ್ದಾಗ ಗಲಾಟೆ ಆಗದೇ ಇರಲಿಲ್ಲ. ಬಯಕೆಗೆ ಬಲ ಬರುತ್ತದೆಂದು ಸಂಕಲ್ಪದ ಬಳೆ ಮಾರುತ್ತಿದ್ದವರು ಕೇಂದ್ರದ ಗಾಜಿಗೆ ಕಲ್ಲು ಹೊಡೆಸಿದರು. ಬಯಸಿದ ಕೆಲಸ ಸಿಕ್ಕವರು ಮೀಟರೇ ಸುಳ್ಳು ಎಂದರು. ಉಳಿದ ನಲವತ್ತು ಯಂತ್ರಗಳ ಬೆನ್ನು ನೋಡಿದಾಗ ಎಲ್ಲ ಕಡೆಯೂ ಅರ್ಧಕ್ಕರ್ಧವೇ. ಆಮೇಲೆ ಪತ್ರಗಳು ಬರತೊಡಗಿದವು. ಬೈದು ಬರೆದವು ಒಂದಷ್ಟು. ಉಳಿದವುಗಳಲ್ಲಿ ಬಹಳಷ್ಟು ಒಂದೇ ಸಾಲಿನವು: ನಮ್ಮ ತಮ್ಮ, ನಮ್ಮತ್ತೆ, ನನ್ನ ಕೂಸು, ಹಾಗಾದರೆ ನಾನಲ್ಲ ತಾನೇ? ಫಕ್ಕೀರಪ್ಪ ರಾಜೀನಾಮೆ ಬರೆದುಕೊಂಡು ಬಂದಿದ್ದ. ವನಮಾಲಾ ಅದನ್ನು ಹರಿದು, ಪತ್ರಗಳಿಗೆ ಉತ್ತರ ಬರೆಯುವ ಕೆಲಸ ಅವನಿಗೆ ಒಪ್ಪಿಸಿದಳು. ಬಂದವರನ್ನು ಬರಿಗೈಲಿ ಕಳಿಸದ ಮನುಷ್ಯನಿಗೆ ಹೇಳಿ ಮಾಡಿಸಿದ ಕೆಲಸ. 'ನೀವು ಅಲ್ಲ' ಎಂದು ಒಂದೊಂದಕ್ಕೂ ತನ್ನ ಕೈಬರಹದಲ್ಲೇ ಬರೆಯುತ್ತಿದ್ದ.

ಒಂದು ತಿಂಗಳ ಮೇಲೆ, ಒಂದು ಭಾನುವಾರ. ಹಾಲಿನವನು ಓಣಿಯ ತುದಿಯಿಂದಲೇ ಗಂಟಲು ಹರಿಯುವಂತೆ ಕೂಗುತ್ತ ಬಂದು ಹೋಗಿದ್ದ. ಗುರುಪಾದ ವಾಕರ್ ಬಿಟ್ಟು ಕೋಲಿಗೆ ಬಂದಿದ್ದ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತಿನ್ನುತ್ತ ತಿನ್ನುತ್ತ ಖೋಖೋ ಶಿಬಿರದ ಮಾತು ಬಂತು. ಈ ಸಲ ಅದು ಬಳ್ಳಾರಿಯಲ್ಲಿ.

"ಮೊದಲ ಮೈ ಹಿಡೀಲಿ. ಮುಂದಿನ ವರ್ಷ ನೋಡೋಣು," ಎಂದ ಗುರುಪಾದ.

"ಮುಂದಿನ ವರ್ಷ ಹತ್ತನೆತ್ತೆ ಅಂತಿ! ಅದರ ಮುಂದಿನ ವರ್ಷ ಇನ್ನೊಂದ ಅಂತಿ! ನಿಂದ ಯಾವಾಗಲೂ ಇದ ಹಾಡು," ಇಂಚರ ತಟ್ಟೆ ತಳ್ಳಿದಳು. ಮೂಗಿನ ಹೊಳ್ಳೆ ಅರಳಿತ್ತು. "ನೀ ಒಬ್ಬಾಂವ ಇಲ್ಲದಿದ್ರ ಎಷ್ಟ ಚಲೋ ಇರತಿತ್ತು!"

ಮಾತು ಬಾಯಿಂದ ಬಿತ್ತು. ವನಮಾಲಾಳ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಇಂಚರ ಕಣ್ಣು ಅಗಲಿಸಿ ಅಪ್ಪನನ್ನು ನೋಡಿದಳು. ಗುರುಪಾದ ತುತ್ತು ಬಾಯಲ್ಲಿಟ್ಟುಕೊಂಡೇ ತಲೆ ಎತ್ತಿ ಸೂರು ನೋಡಿದ, ತಾನು ಕೂತ ಮಣೆಯನ್ನು ಒಮ್ಮೆ ಅಲುಗಾಡಿಸಿ ನೋಡಿದ, ಆಮೇಲೆ ಗೋಡೆಗೆ ಒರಗಿಸಿದ್ದ ಕೋಲಿನ ತುದಿಯ ರಬ್ಬರನ್ನು ತಿರುಗಿಸಿ ನೋಡಿದ. ಎಲ್ಲ ಸರಿಯಾಗಿತ್ತು. ಸಾವಕಾಶ ಅಗಿದು ನುಂಗಿದ.

"ಇದ್ದೇನಲ್ಲ, ಏನ ಮಾಡತಿ?" ಎಂದ. "ಚಟ್ನಿ ಹಾಕ ಇಲ್ಲಿ."

ಇಂಚರ ಮುಖ ಊದಿಸಿಕೊಂಡೇ ಚಟ್ನಿ ಹಾಕಿದಳು. ಸಿಟ್ಟು ಇಳಿದಿರಲಿಲ್ಲ. ಇಳಿಸಿಕೊಳ್ಳುವ ಅವಸರವೂ ಇರಲಿಲ್ಲ. ತಳ್ಳಿದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, ಅಪ್ಪನನ್ನು ದುರುಗುಟ್ಟಿ ನೋಡುತ್ತಲೇ, ಐದನೆಯ ರೊಟ್ಟಿಗೆ ಕೈ ಚಾಚಿದಳು.